ಮಿನಿವ್ಯಾನಿಗೊಂದು ಮಂಕಿ ಟೋಪಿ

ಜಗತ್ತಿನ ಎಲ್ಲ ಕಾಯಿಲೆಗೂ ಉಷ್ಣವೇ ಕಾರಣ ಎಂದು ನಂಬಿದ ಮನೆಯಲ್ಲಿ ನಾನು ಹುಟ್ಟಿದೆ. ನಂಬಿದ್ದವಳು ಅಮ್ಮ, ಮಿಕ್ಕವರು ಅವಳ ಕೈಕೆಳಗೆ ಬದುಕಿದವರು. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮೂಗಿನಲ್ಲಿ ರಕ್ತ ಬಂದರಂತೂ ಕೇಳುವುದೇ ಬೇಡ. ಪಿಯುಸಿಯಲ್ಲಿ ನನಗೆ ಗಣಿತದಲ್ಲಿ ಮೂವತ್ತೊಂದು ಅಂಕ ಬಂದಾಗ ಅಪ್ಪ ಕೋಲು ಹುಡುಕುತ್ತಿದ್ದರೆ ಅಮ್ಮ ಅಡ್ಡ ನಿಂತು, "ಅವನ್ನ ಯಾಕೆ ಬಯ್ತೀರಿ, ಮಗೀಗೆ ತಲೆಯೆಲ್ಲ ಹೀಟಾಗೋಗದೆ" ಎಂದು ನನ್ನ ನೆತ್ತಿಗೆ ಒಂದು ಬಟ್ಟಲು ಹರಳೆಣ್ಣೆ ತಟ್ಟಿದ್ದಳು. ಮರುಪರೀಕ್ಷೆಯಲ್ಲಿ ಪಾಸಾದೆ. ಓದಿದ್ದರಿಂದಲೋ ಎಣ್ಣೆಯಿಂದಲೋ ಎಂದು ನಾನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಅಮ್ಮನಿಗೆ ಆ ಅನುಮಾನವಿಲ್ಲ. ಈಗ ನನಗೆ ಐವತ್ತಾರು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿರುವ ಒಂದು ಚಿಪ್ ಕಂಪನಿಯಲ್ಲಿ, ಚಿಪ್ಪುಗಳು ಎಷ್ಟು ಬಿಸಿಯಾದರೆ ಸಾಯುತ್ತವೆ ಎಂದು ನೋಡುವ ಕೆಲಸ. ಅಂದರೆ ಅಮ್ಮನ ವಿದ್ಯೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದೇನೆ.

ಇದೇ ನಂಬಿಕೆಯ ಇನ್ನೊಂದು ಕೊಂಬೆ ನನ್ನ ಸ್ವಭಾವದಲ್ಲಿ ಬೆಳೆದುಕೊಂಡಿದೆ. ಯಾರೊಂದಿಗಾದರೂ ಮನಸ್ತಾಪವಾದರೆ ನಾನು ಜಗಳವಾಡುವುದಿಲ್ಲ. ತಣ್ಣಗಾಗಲಿ ಎಂದು ಬಿಡುತ್ತೇನೆ. ಇದನ್ನು ನಾನು ಬಹಳ ವರ್ಷ ನನ್ನ ದೊಡ್ಡತನ ಎಂದುಕೊಂಡಿದ್ದೆ. ನನ್ನ ಹೆಂಡತಿ ವಸಂತ ಇದಕ್ಕೆ ಇಟ್ಟಿರುವ ಹೆಸರು ಬೇರೆ. ಅದನ್ನು ಇಲ್ಲಿ ಬರೆದರೆ ನೀವು ಅವಳ ಪಕ್ಷ ಸೇರಿಬಿಡುತ್ತೀರಿ, ಆದ್ದರಿಂದ ಬೇಡ.

ನಮ್ಮ ಮನೆ ಬೆಳ್ಳುಳ್ಳಿ ಬೆಳೆಗೆ ಹೆಸರಾದ ಗಿಲ್‌ರಾಯ್‌ನಲ್ಲಿ. ಆಫೀಸಿನ ಹತ್ತಿರ ಮನೆ ಕೊಳ್ಳಲಾಗದವರು ದಕ್ಷಿಣಕ್ಕೆ ಸರಿಯುತ್ತಾ ಸರಿಯುತ್ತಾ ಕೊನೆಗೆ ಬೆಳ್ಳುಳ್ಳಿ ವಾಸನೆ ಬಂದ ಕಡೆ ನಿಲ್ಲುತ್ತಾರೆ. ನಾವು ಹಾಗೆ ನಿಂತವರು. ನಮಗಿಂತ ಒಂದು ವರ್ಷ ಮುಂಚೆ ಹಾಗೆಯೇ ಬಂದು ನಿಂತವನು ಚಂದ್ರು. ಹಾಸನದ ಕಡೆಯವನು, ಮೆಕ್ಯಾನಿಕಲ್ ಇಂಜಿನಿಯರು, ಹೆಂಡತಿ ಗೀತಳ ಜೊತೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಅವನ ಆಫೀಸೂ ಸಾಂಟಾ ಕ್ಲಾರಾದಲ್ಲಿ. ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಗಾಡಿಯಲ್ಲಿ ಹೋಗಿಬಂದೆವು. ಬೆಳಿಗ್ಗೆ ಆರೂಕಾಲಿಗೆ ಅವನ ಮನೆ ಮುಂದೆ ನನ್ನ ಮಿನಿವ್ಯಾನು ನಿಲ್ಲಬೇಕು. ಅವನು ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಕೋಡುಬಳೆ ಡಬ್ಬಿ ಹಿಡಿದು, ಶೂ ಲೇಸು ಕಟ್ಟದೆ ಓಡಿ ಬರಬೇಕು. ಲೇಸು ಕಟ್ಟಿಕೊಳ್ಳುವುದು ವ್ಯಾನಿನೊಳಗೆ. ಮಾರ್ಗನ್ ಹಿಲ್ ಬಂತೆಂದರೆ ಇಬ್ಬರಿದ್ದವರಿಗೆ ಮೀಸಲಾದ ಕಾರ್‌ಪೂಲ್ ಲೇನು. ಪಕ್ಕದಲ್ಲಿ ಒಬ್ಬೊಬ್ಬರೇ ಕೂತು ತೆವಳುತ್ತಿದ್ದವರನ್ನು ನೋಡಿ, "ಪಾಪ, ಇವರಿಗೆಲ್ಲ ಫ್ರೆಂಡ್ಸೇ ಇಲ್ವೇನೋ" ಎಂದು ಅವನು ದಿನವೂ ಹೇಳುತ್ತಿದ್ದ. ಹನ್ನೊಂದು ವರ್ಷ ಅದೇ ಜೋಕು. ನಾನು ಹನ್ನೊಂದು ವರ್ಷವೂ ನಕ್ಕಿದ್ದೇನೆ.

ನಮ್ಮ ಕನ್ನಡ ಕೂಟದಲ್ಲಿ ನನಗೊಂದು ಪದವಿಯಿತ್ತು. ಸಾಮಾನಿನ ಉಸ್ತುವಾರಿ. ಅಧ್ಯಕ್ಷರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ನಾನು ಮಾತ್ರ ಕಾಯಂ. ಎರಡು ಕೊಳಗ, ಮೂರು ಹಂಡೆಯಂಥ ಪಾತ್ರೆ, ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರು, ಮಡಚುವ ಮೇಜುಗಳು, ರಾಜ್ಯೋತ್ಸವಕ್ಕೆ ಕಟ್ಟುವ ಭುವನೇಶ್ವರಿಯ ಪಟ, ಇಷ್ಟೂ ತುಂಬಿದ ಒಂದು ಟ್ರೈಲರು ನಮ್ಮ ಮನೆಯ ಪಕ್ಕದಲ್ಲಿ ನಿಂತಿರುತ್ತಿತ್ತು. ಯುಗಾದಿಗೆ, ಗಣೇಶನಿಗೆ, ಪಿಕ್ನಿಕ್ಕಿಗೆ ಅದನ್ನು ನನ್ನ ವ್ಯಾನಿಗೆ ಕಟ್ಟಿಕೊಂಡು ಎಳೆಯಬೇಕು. ಸಾಮಾನು ಹತ್ತಿಸಲು ಇಳಿಸಲು ಚಂದ್ರು. ಚಪ್ಪಾಳೆ ಬೀಳುವುದು ಹಾಡಿದವರಿಗೆ ಎಂಬುದು ಗೊತ್ತಿದ್ದೇ ಮಾಡುವ ಕೆಲಸ ಅದು. ಹಾಗಿದ್ದರೂ, ಊಟ ಬಂತು ಊಟ ಬಂತು ಎಂದು ಜನ ನನ್ನ ವ್ಯಾನನ್ನು ಸುತ್ತಿಕೊಳ್ಳುವ ಒಂದು ನಿಮಿಷವಿದೆಯಲ್ಲ, ಅದು ನನಗೆ ಬೇಕಾಗಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಕಳೆದ ಆಗಸ್ಟಿನಲ್ಲಿ ಪಿಕ್ನಿಕ್ಕನ್ನು ಪಚೆಕೊ ಗುಡ್ಡದಾಚೆಯ ಜಲಾಶಯದ ದಂಡೆಯಲ್ಲಿ ಇಟ್ಟರು. ಗಿಲ್‌ರಾಯ್ ಬಿಟ್ಟು ಗುಡ್ಡ ಹತ್ತಲು ಶುರುಮಾಡಿದಾಗಲೇ ಹೊರಗೆ ಇಲ್ಲಿಯ ಲೆಕ್ಕದಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಹಿಂದೆ ಟ್ರೈಲರು, ಒಳಗೆ ಎಂಬತ್ತು ಜನರ ಬಿಸಿಬೇಳೆಬಾತು, ಪಕ್ಕದಲ್ಲಿ ಚಂದ್ರು. ಅರ್ಧ ಗುಡ್ಡದಲ್ಲಿ ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಹತ್ತಿತು. ಗೇರುಗಳಿರುವ ಪೆಟ್ಟಿಗೆಯ ಎಣ್ಣೆ ಕಾಯುತ್ತಿದೆ ಎಂದು ಅದರ ಅರ್ಥ.

"ಲೋ ಶಿವು, ಪಕ್ಕಕ್ಕೆ ಹಾಕೋ. ಆಯಿಲ್ ಸುಡ್ತಿದೆ" ಎಂದ ಚಂದ್ರು.

"ಇನ್ನೊಂದು ಮೈಲಿ ಕಣೋ, ಆಮೇಲೆ ಇಳಿಜಾರು. ತಾನೇ ತಣ್ಣಗಾಗತ್ತೆ" ಎಂದೆ.

ಆ ಒಂದು ಮೈಲಿ ಮುಗಿಯಲಿಲ್ಲ. ಸುಟ್ಟ ವಾಸನೆ ಬಂತು, ವ್ಯಾನು ನಿಂತಿತು. ಎಳೆಯುವ ಲಾರಿ ಬರಲು ಎರಡೂವರೆ ಗಂಟೆ. ನೆರಳಿಲ್ಲದ ಆ ಒಣಹುಲ್ಲಿನ ಗುಡ್ಡದಲ್ಲಿ ನಾವಿಬ್ಬರೂ ಕೊಳಗಗಳ ಪಕ್ಕ ಕೂತಿದ್ದೆವು. ಅತ್ತ ದಂಡೆಯಲ್ಲಿ ಎಂಬತ್ತು ಜನ ಆಲೂಗಡ್ಡೆ ಚಿಪ್ಸು ತಿಂದು, ಮಕ್ಕಳಿಗೆ ಗದರಿ, ಕೆಲವರು ಮನೆಗೂ ಹೊರಟುಬಿಟ್ಟರು. ಚಂದ್ರು ನನಗೆ ಒಂದು ಮಾತೂ ಬಯ್ಯಲಿಲ್ಲ, ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಅರ್ಧರ್ಧ ಹಂಚಿದ.

ಬೈದದ್ದು ಮುಂದಿನ ಭಾನುವಾರ, ಅದೂ ಕೂಟದ ಮೀಟಿಂಗಿನಲ್ಲಿ, ಹತ್ತು ಮನೆಯವರ ಮುಂದೆ. "ಮುಂದಿನ್ ಸಲದಿಂದ ಸಾಮಾನು ಶಿವುಗೆ ಬೇಡ. ಗಟ್ಟಿ ಗಾಡಿ ಇರೋ ಹುಡುಗ್ರು ಯಾರಾದ್ರೂ ತಗೊಳ್ಳಿ. ಇವನ್ ವ್ಯಾನಲ್ಲಿ ಊಟ ತಣ್ಣಗೆ, ಗಾಡಿ ಬಿಸಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಮುಖದ ಮೇಲೆ ಎಷ್ಟು ಹೊತ್ತು ಇರಬೇಕು, ಯಾವಾಗ ತೆಗೆಯಬೇಕು ಎಂದು ತಿಳಿಯದೆ ಕಾಫಿ ಮುಗಿಯುವವರೆಗೂ ಹಾಗೆಯೇ ಇಟ್ಟುಕೊಂಡಿದ್ದೆ. ಫ್ರೀಮಾಂಟಿನ ಒಬ್ಬ ಪಿಕಪ್ ಟ್ರಕ್ಕಿನವನು ಮರುವಾರ ಬಂದು ಟ್ರೈಲರನ್ನು ಕಟ್ಟಿಕೊಂಡು ಹೋದ. ಅದು ನಿಂತಿದ್ದ ಜಾಗದಲ್ಲಿ ಹುಲ್ಲು ಒಣಗಿ ಚೌಕಾಕಾರದ ಒಂದು ಕಲೆ ಉಳಿಯಿತು.

ನಾನು ಜಗಳವಾಡಲಿಲ್ಲ. ತಣ್ಣಗಾಗಲಿ ಎಂದು ಬಿಟ್ಟೆ. ಸೋಮವಾರ ಬೆಳಿಗ್ಗೆ ಚಂದ್ರುವಿಗೆ, "ಇನ್ನು ಮೇಲೆ ಬೇಗ ಮೀಟಿಂಗು ಇರುತ್ತೆ, ನೀವು ನಿಮ್ಮ ಕಾರಿನಲ್ಲೇ ಬನ್ನಿ" ಎಂದು ಮೆಸೇಜು ಕಳಿಸಿದೆ. ನೀವು, ಬನ್ನಿ! ಹನ್ನೊಂದು ವರ್ಷ ಹೋಗೋ ಬಾರೋ ಎಂದವನಿಗೆ ಮರ್ಯಾದೆ ಕೊಡುವುದಕ್ಕಿಂತ ದೊಡ್ಡ ಪೆಟ್ಟು ನಮ್ಮವರಲ್ಲಿ ಇನ್ನೊಂದಿಲ್ಲ. ಆಮೇಲೆ ಎರಡು ಸಲ ಅವನು ಸಂಜೆ ಮನೆಗೆ ಬಂದ. "ಬನ್ನಿ ಚಂದ್ರಶೇಖರ್, ಕೂತ್ಕೊಳ್ಳಿ, ಕಾಫಿ ತಗೋತೀರಾ?" ಎಂದು ವಿಚಾರಿಸಿದೆ. ಎರಡು ಸಲವೂ ಅವನು ಸೋಫಾದ ತುದಿಯಲ್ಲಿ ಕೂತು, ಹವಾಮಾನದ ಬಗ್ಗೆ ಏನೋ ಹೇಳಿ ಎದ್ದು ಹೋದ. ವಸಂತ ಲೋಟ ತೊಳೆಯುತ್ತಾ, "ಬೈದುಬಿಟ್ಟಿದ್ರೆ ಚೆನ್ನಾಗಿತ್ತು" ಎಂದಳು. ನಾನು ಕೇಳಿಸಿಕೊಳ್ಳದವನಂತೆ ಫೋನಿನಲ್ಲಿ ಮುಳುಗಿದ್ದೆ. ಏನು ನೋಡುತ್ತಿದ್ದೆ ಎಂದರೆ, ಕೂಲರು.

ವಿಷಯಕ್ಕೆ ಬರಲು ಇಷ್ಟು ಹೊತ್ತಾಯಿತು, ಕ್ಷಮಿಸಿ. ಗೇರು ಪೆಟ್ಟಿಗೆಯ ಎಣ್ಣೆಯನ್ನು ಹದದಲ್ಲಿಡಲು ಗಾಡಿ ಮಾಡಿದವರೇ ಒಂದು ವ್ಯವಸ್ಥೆ ಮಾಡಿರುತ್ತಾರೆ. ಎಣ್ಣೆ ಒಂದು ಕೊಳವೆಯಲ್ಲಿ ಹೊರಟು ಮುಂದಿನ ರೇಡಿಯೇಟರಿನ ನೀರೊಳಗೆ ಹಾದು ವಾಪಸು ಬರುತ್ತದೆ. ಎಣ್ಣೆ ಕಾದಿದ್ದರೆ ನೀರು ಅದನ್ನು ತಣಿಸುತ್ತದೆ, ಎಣ್ಣೆ ತಣ್ಣಗಿದ್ದರೆ ಎಂಜಿನ್ನಿನ ಬಿಸಿನೀರು ಅದನ್ನು ಬೆಚ್ಚಗೆ ಮಾಡುತ್ತದೆ. ಭಾರ ಎಳೆಯುವ ಗಾಡಿಗೆ ಇದು ಸಾಲದು ಎನಿಸಿದರೆ, ಗಾಳಿ ಬಡಿಯುವ ಹಾಗೆ ಮುಂಭಾಗದಲ್ಲಿ ಇನ್ನೊಂದು ಪುಟ್ಟ ರೇಡಿಯೇಟರಿನಂಥದನ್ನು ಕೂರಿಸುತ್ತಾರೆ. ಅದೇ ಹೆಚ್ಚುವರಿ ಕೂಲರು. ನನಗೆ ಪುಟ್ಟದು ಬೇಡವಾಗಿತ್ತು. ದೊಡ್ಡ ಟ್ರಕ್ಕುಗಳಿಗೆ ಹಾಕುವಂಥದನ್ನು ತರಿಸಿದೆ. ಎಳೆಯಲು ಟ್ರೈಲರೇ ಇಲ್ಲವಲ್ಲ ಎಂದು ನೀವು ಕೇಳಬಹುದು. ವಸಂತಳೂ ಕೇಳಿದಳು. ಚಂದ್ರು ಕೂಟದಲ್ಲಿ ಆಡಿದ ಮಾತಿಗೆ ನಾನು ಬಾಯಲ್ಲಿ ಕೊಡದ ಉತ್ತರ ಅದು, ಅಷ್ಟೆ.

ಕೂರಿಸಿದವನು ಗಿಲ್‌ರಾಯ್‌ನ ಮೆಕ್ಯಾನಿಕ್ ರೊಬೆರ್ತೊ. ನನಗಿಂತ ಹತ್ತು ವರ್ಷ ದೊಡ್ಡವನು, ಕಡಿಮೆ ಮಾತಿನವನು. ಎಣ್ಣೆ ಮೊದಲು ಈ ಹೊಸ ಕೂಲರಿಗೆ ಹೋಗಲಿ, ಆಮೇಲೆ ಹಳೆಯ ದಾರಿಯಲ್ಲೇ ರೇಡಿಯೇಟರಿಗೂ ಹೋಗಿ ಬರಲಿ ಎಂದ ಅವನು. ನನಗೆ ಮೈಯೆಲ್ಲ ಉರಿಯಿತು. ಕಷ್ಟಪಟ್ಟು ತಣ್ಣಗೆ ಮಾಡಿದ ಎಣ್ಣೆಯನ್ನು ಮತ್ತೆ ಬಿಸಿನೀರಿನೊಳಗೆ ಕಳಿಸುವುದೇ? ನೆತ್ತಿಗೆ ಹರಳೆಣ್ಣೆ ತಟ್ಟಿ ಮಗುವನ್ನು ಬಿಸಿಲಿಗೆ ನಿಲ್ಲಿಸಿದ ಹಾಗಲ್ಲವೇ ಅದು? ಇದನ್ನು ಇಂಗ್ಲಿಷಿನಲ್ಲಿ ಅವನಿಗೆ ವಿವರಿಸಲು ಪ್ರಯತ್ನಪಟ್ಟು ಸೋತು, ರೇಡಿಯೇಟರಿನ ದಾರಿಯನ್ನೇ ಕತ್ತರಿಸಿಬಿಡು ಎಂದೆ. ಚಳಿಗಾಲದಲ್ಲಿ ಆ ಬಿಸಿ ಬೇಕಾಗುತ್ತದೆ ಎಂದು ಅವನು ಒಂದು ಸಲ ಹೇಳಿದ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿಯ ಚಳಿ ಎಂದೆ. ಅವನು ನನ್ನನ್ನೂ ವ್ಯಾನನ್ನೂ ಒಮ್ಮೆ ನೋಡಿ, ಕೈ ಒರೆಸಿಕೊಂಡು, ಹೇಳಿದಂತೆ ಮಾಡಿಕೊಟ್ಟ.

ಸೆಪ್ಟೆಂಬರು, ಅಕ್ಟೋಬರು ಚೆನ್ನಾಗಿ ಕಳೆದವು. ಬೇಕೆಂದೇ ಒಂದು ಮಧ್ಯಾಹ್ನ ಒಬ್ಬನೇ ಪಚೆಕೊ ಗುಡ್ಡ ಹತ್ತಿಳಿದೆ. ಎಣ್ಣೆ ಕಾಯಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ, ನೋಡಿದೆಯಾ ಎಂದು ಹೇಳಲು ಪಕ್ಕದ ಸೀಟಿಗೆ ತಿರುಗಿದೆ. ಅಲ್ಲಿ ನನ್ನ ಊಟದ ಚೀಲವಿತ್ತು.

ಡಿಸೆಂಬರು ಬಂತು. ಗಿಲ್‌ರಾಯ್‌ನ ಚಳಿ ಸ್ಯಾನ್ ಫ್ರಾನ್ಸಿಸ್ಕೋದವರು ಕಂಡದ್ದಲ್ಲ. ಬೆಟ್ಟಗಳ ನಡುವಿನ ತಗ್ಗಿನಲ್ಲಿ ತಣ್ಣನೆ ಗಾಳಿ ಬಂದು ಕೂತರೆ ಬೆಳಗಾಗುವ ಹೊತ್ತಿಗೆ ಹೊಲಗಳ ಮೇಲೆ ಬೆಳ್ಳಗೆ ಇಬ್ಬನಿ ಗಟ್ಟಿಯಾಗಿರುತ್ತದೆ. ಒಂದು ಸೋಮವಾರ ವ್ಯಾನು ಶುರುಮಾಡಿ ಗೇರು ಹಾಕಿದೆ. ವ್ಯಾನು ಕದಲಲಿಲ್ಲ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಯೋಚನೆ ಮಾಡಿತು. ಆಮೇಲೆ ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ನೆಗೆಯಿತು. ಫ್ರೀವೇ ಹತ್ತಿದ ಮೇಲೂ ಮೇಲಿನ ಗೇರಿಗೆ ಹೋಗದು. ಎಂಜಿನ್ನು ಅರಚಿಕೊಳ್ಳುತ್ತದೆ, ಗಾಡಿ ಗಂಟೆಗೆ ಐವತ್ತೈದು ಮೈಲಿಗಿಂತ ಮೇಲೆ ಹೋಗಲು ಒಲ್ಲೆನ್ನುತ್ತದೆ. ಎಣ್ಣೆ ಅಷ್ಟು ಗಟ್ಟಿಯಾಗಿತ್ತು. ಅದನ್ನು ಬೆಚ್ಚಗೆ ಮಾಡಬೇಕಾದ ದಾರಿಯನ್ನು ನಾನೇ ನಿಂತು ಕತ್ತರಿಸಿದ್ದೆ, ಮೇಲೆ ಮುಖಕ್ಕೆ ಟ್ರಕ್ಕಿನ ಕೂಲರು ಕಟ್ಟಿದ್ದೆ.

ಹೈಸ್ಕೂಲಿನಲ್ಲಿರುವ ಮಗಳು ಅನಘಳನ್ನು ಶಾಲೆಗೆ ಬಿಡುವಾಗ ಅವಳು ಕಿವಿಗೆ ಸಿಕ್ಕಿಸಿದ್ದನ್ನು ತೆಗೆದು ಆ ಅರಚಾಟ ಕೇಳಿದಳು. "ಗಾಡಿಗೆ ಏನೋ ಆಗಿದೆ ಮಗಳೇ" ಎಂದೆ. "ಅಪ್ಪಾ, ಇಟ್ಸ್ ಜಸ್ಟ್ ಕೋಲ್ಡ್. ವೈ ಡೋಂಟ್ ಯು ಆಸ್ಕ್ ಚಂದ್ರು ಅಂಕಲ್?" ಎಂದಳು. "ಅಂಕಲ್ ಬಿಜಿ" ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ಕಿವಿಯದನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಮಂಡ್ಯದಲ್ಲಿ ತಂಗಿಯ ಮನೆಯಲ್ಲಿ ದರ್ಬಾರು ನಡೆಸುತ್ತಿರುವ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಈ ಕಥೆ ಹೇಳಿದೆ. ಕಾಯಿಲೆಯ ವಿಷಯವೆಂದರೆ ಅವಳಿಗೆ ಉತ್ಸಾಹ. "ಅದುಕ್ಕೆ ಸೀತ ಆಗದೆ ಕಣ್ ಮಗ. ಬೆಳಗಿನ ಗಾಳಿ ಮೂತಿಗೆ ವೊಡೀತಾ ಅದೆ. ಒಂದು ಮಂಕಿ ಟೋಪಿ ಹಾಕ್ಬುಡು" ಎಂದಳು. ನಾನು ನಕ್ಕೆ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿದರೆ, ಚಳಿ ಸೀಮೆಯ ಡ್ರೈವರುಗಳೆಲ್ಲ ಬೇರೆ ಮಾತಿನಲ್ಲಿ ಅದನ್ನೇ ಹೇಳಿದ್ದರು: ಕೂಲರಿನ ಮುಂದೆ ರಟ್ಟು ಅಡ್ಡ ಇಡಿ. ಐವತ್ತಾರು ವರ್ಷ ಉಷ್ಣದ ಮಾತಾಡಿದ ಅಮ್ಮ ಇವತ್ತು ಶೀತದ ಮಾತಾಡಿದಾಗಲೂ ಸರಿಯಾಗಿಯೇ ಹೇಳಿದ್ದಳು. ನಾನು ಮಾತ್ರ ಅವಳಿಂದ ಅರ್ಧ ವಿದ್ಯೆ ಕಲಿತು ಓಡಿಬಂದವನು.

ಗ್ಯಾರೇಜಿನಲ್ಲಿ ಸಿಕ್ಕಿದ್ದು ಮಾವಿನ ಹಣ್ಣಿನ ಪೆಟ್ಟಿಗೆಯ ರಟ್ಟು. ನೆನೆಯದಿರಲಿ ಎಂದು ಅದನ್ನು ಸೋನಾ ಮಸೂರಿ ಅಕ್ಕಿ ಚೀಲದೊಳಗೆ ತೂರಿಸಿ, ಮುಂದಿನ ಜಾಲರಿಗೆ ದಾರದಿಂದ ಬಿಗಿದೆ. ಚೀಲದ ಮೇಲೆ ಎರಡು ಆನೆ, ಅವುಗಳ ನಡುವೆ ಒಂದು ಕಮಲ. ಮಿನಿವ್ಯಾನಿಗೆ ದೇವಸ್ಥಾನದ ಕಳೆ ಬಂತು. ಎಣ್ಣೆ ಸ್ವಲ್ಪ ಬೇಗ ಬೆಚ್ಚಗಾಗತೊಡಗಿತು. ಮಾರ್ಗನ್ ಹಿಲ್ ದಾಟಿದ ಮೇಲಾದರೂ ಮೇಲಿನ ಗೇರು ಬೀಳುತ್ತಿತ್ತು. ಆಫೀಸಿನ ಪಾರ್ಕಿಂಗಿನಲ್ಲಿ ಮಾತ್ರ ವ್ಯಾನನ್ನು ಗೋಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದೆ.

ಆ ಬೆಳಗುಗಳ ಬಗ್ಗೆ ತಮಾಷೆಯಾಗಿ ಬರೆಯುವುದು ಕಷ್ಟ. ಮಂಜಿನಲ್ಲಿ ಕೆಂಪು ದೀಪಗಳ ಸಾಲು, ಒಳಗೆ ಎಂಜಿನ್ನಿನ ಅರಚಾಟ, ಪಕ್ಕದಲ್ಲಿ ಖಾಲಿ ಸೀಟು. ಕಾರ್‌ಪೂಲ್ ಲೇನಿನಲ್ಲಿ ಇಬ್ಬಿಬ್ಬರು ಕೂತವರು ನನ್ನನ್ನು ನೋಡುತ್ತಾ ದಾಟಿ ಹೋಗುತ್ತಿದ್ದರು. ಅವರಲ್ಲಿ ಒಬ್ಬನಾದರೂ ಚಂದ್ರುವಿನ ಜೋಕು ಮಾಡಿರಬೇಕು. ಇದು ಸಾಲದು ಎಂಬಂತೆ ಚಂದ್ರುವಿನ ನೀಲಿ ಕಾರು ದಿನಾ ನನ್ನ ಮುಂದೆಯೇ. ನಾನು ಯಾವಾಗ ಹೊರಟರೂ ಫ್ರೀವೇ ಹತ್ತುವ ಹೊತ್ತಿಗೆ ಎಲ್ಲಿಂದಲೋ ಬಂದು ಮುಂದೆ ಸೇರಿಕೊಳ್ಳುತ್ತಿತ್ತು. ಅವನ ಗಾಡಿ ಹೊಸದು, ಎಂಬತ್ತರಲ್ಲಿ ಹೋಗಬಲ್ಲದು; ಆದರೆ ಅವನು ಅತ್ತಿತ್ತ ಸರಿಯದೆ ನಿಧಾನದ ಲೇನಿನಲ್ಲೇ, ನಾಲ್ಕು ಕಾರಿನಷ್ಟು ದೂರದಲ್ಲಿ ಹೋಗುತ್ತಿದ್ದ. ನನ್ನನ್ನು ಅಣಕಿಸಲು ಎಂದು ತೀರ್ಮಾನಿಸಿದೆ. ಮಾರ್ಗನ್ ಹಿಲ್ ದಾಟಿ ನನ್ನ ಗೇರು ಬಿದ್ದ ಮೇಲೆ ಅವನು ಎಡಕ್ಕೆ ಸರಿದು ಮಾಯವಾಗುತ್ತಿದ್ದ. ಇಷ್ಟು ಕೊಬ್ಬಿನವನ ಜೊತೆ ಹನ್ನೊಂದು ವರ್ಷ ಹೇಗೆ ಕಳೆದೆನೋ ಎಂದುಕೊಳ್ಳುತ್ತಾ ಉಳಿದ ದಾರಿ ಸವೆಸುತ್ತಿದ್ದೆ.

ಜನವರಿಯ ಒಂದು ಸಂಜೆ ವಸಂತ ಅವರೆಕಾಳು ಹಿಸುಕುತ್ತಾ ತಲೆಯೆತ್ತದೆ ಹೇಳಿದಳು. "ನಾಡಿದ್ದು ಬೆಳಿಗ್ಗೆ ಚಂದ್ರು ಅವರನ್ನ ಏರ್‌ಪೋರ್ಟಿಗೆ ಬಿಡ್ಬೇಕು. ನೀವೇ ಬಿಡ್ತೀರ ಅಂತ ಗೀತಂಗೆ ಹೇಳಿದೀನಿ."

"ಎಲ್ಲಿಗೆ ಹೋಗ್ತಿದಾನೆ?"

"ಮಿನ್ನೆಸೋಟಾಗೆ. ಪೂರ್ತಿ. ಗೀತ ಸಾಮಾನು ತಗೊಂಡು ಹೋಗಿ ಎರಡು ವಾರ ಆಯ್ತು. ಅವರ ಕಾರೂ ಹೋಯ್ತು. ಇಲ್ಲಿ ಕಂಪನಿ ಕೆಲಸದಿಂದ ತೆಗೆದುಬಿಟ್ಟಿತಂತೆ, ವರ್ಷದ ಕೊನೇವರೆಗೆ ಮಾತ್ರ ಅಂತ ಜುಲೈನಲ್ಲೇ ಹೇಳಿದ್ರಂತೆ. ಮನೆ ಮಾರಾಟ ಆಗಿದೆ. ನಿಮ್ಮನ್ನ ಬಿಟ್ಟು ಎಲ್ಲಾರ್ಗೂ ಗೊತ್ತು."

ಎರಡು ವಾರದಿಂದ ನೀಲಿ ಕಾರು ಕಂಡಿರಲಿಲ್ಲ, ನಿಜ. ಅಣಕಿಸಿ ಸುಸ್ತಾಗಿರಬೇಕು ಎಂದುಕೊಂಡಿದ್ದೆ. ನಾನು ಅವಳ ಎದುರು ಕೂತು ನಾಲ್ಕು ಕಾಳು ಹಿಸುಕಿದೆ. ಜುಲೈ ಅಂದರೆ ಆ ಗುಡ್ಡಕ್ಕಿಂತ ಮುಂಚೆ. ಆ ಅರ್ಧ ಲೋಟ ಕಾಫಿಗಿಂತ ಮುಂಚೆ.

ಆ ದಿನ ವರ್ಷದಲ್ಲೇ ಹೆಚ್ಚಿನ ಚಳಿ. ಹೊರಡುವ ಮುಂಚೆ ನಾನು ಮಾಡಿದ ಕೆಲಸ ಏನೆಂದರೆ, ವ್ಯಾನಿನ ಮುಂದಿದ್ದ ಅಕ್ಕಿ ಚೀಲವನ್ನು ಬಿಚ್ಚಿ ಗ್ಯಾರೇಜಿನಲ್ಲಿ ಬಚ್ಚಿಟ್ಟದ್ದು. ಅದನ್ನು ಚಂದ್ರು ನೋಡುವುದು ನನಗೆ ಬೇಡವಾಗಿತ್ತು. ಇಷ್ಟಾದ ಮೇಲೂ ಮಾನದ ಚಿಂತೆ ಬಿಟ್ಟಿರಲಿಲ್ಲ ನೋಡಿ.

ಖಾಲಿ ಮನೆಯ ಮುಂದೆ ಅವನು ಎರಡು ಸೂಟ್‌ಕೇಸು, ಒಂದು ಫ್ಲಾಸ್ಕು ಹಿಡಿದು ನಿಂತಿದ್ದ. ಶೂ ಲೇಸು ಕಟ್ಟಿತ್ತು. ಅದನ್ನು ನೋಡಿ ನನಗೆ ಬಹಳ ಬೇಸರವಾಯಿತು. ಹತ್ತಿ ಕೂತ. ಗೇರು ಹಾಕಿದೆ. ವ್ಯಾನು ಮೂರು ಕ್ಷಣ ಯೋಚಿಸಿ ನೆಗೆಯಿತು. ಇಬ್ಬರೂ ಒಟ್ಟಿಗೆ ಮುಂದಕ್ಕೆ ವಾಲಿ ಒಟ್ಟಿಗೆ ಹಿಂದಕ್ಕೆ ಬಿದ್ದೆವು. ಫ್ರೀವೇ ಹತ್ತಿ ಐದಾರು ಮೈಲಿ ವ್ಯಾನು ಒಂದೇ ಎಲ್ಲರ ಪರವಾಗಿ ಅರಚಿಕೊಳ್ಳುತ್ತಿತ್ತು.

"ರಟ್ಟೆಲ್ಲಿ?" ಎಂದ ಚಂದ್ರು.

"ಯಾವ ರಟ್ಟು?"

"ಮೂತಿಗೆ ಕಟ್ತಿದ್ಯಲ್ಲೋ, ಆನೆ ಚೀಲ."

"ನಿನಗೆ ಹೇಗೆ ಗೊತ್ತು?" ಎಂದೆ. ಆಗಸ್ಟಿನ ನಂತರ ನನ್ನ ಬಾಯಿಂದ ಬಂದ ಮೊದಲ ನೀನು ಅದು.

"ಕನ್ನಡೀಲಿ ದಿನಾ ನೋಡ್ತಿದ್ನಲ್ಲ. ನಾನ್ ಏನಕ್ಕೆ ಸ್ಲೋ ಲೇನಲ್ಲಿ ಸಾಯ್ತಿದ್ದೆ ಅಂದ್ಕೊಂಡೆ? ನಿನ್ ಗಾಡಿ ಮಂಜಲ್ಲಿ ನಿಂತ್ಬಿಟ್ರೆ ಯಾವನಾದ್ರೂ ಬಂದು ಗುದ್ದಿರೋನು."

"ಹಾಗಾದ್ರೆ ಹಿಂದೆ ಬರಬೇಕಾಗಿತ್ತು."

"ಹಿಂದೆ ಬಂದ್ರೆ ಕಾವಲಿಗೆ ಬಂದವ್ನೆ ಅಂತ ಗೊತ್ತಾಗಿ ನೀನು ಟೈಮೇ ಬದಲಾಯಿಸ್ತಿದ್ದೆ. ಮುಂದೆ ಹೋದ್ರೆ ಕೊಬ್ಬು ಅಂದ್ಕೊಂಡು ಸುಮ್ನಿರ್ತೀಯ" ಎಂದು ಕಿಟಕಿಯ ಹೊರಗೆ ನೋಡುತ್ತಾ ಹೇಳಿದ. ನನ್ನ ಗುಣದ ಬಗ್ಗೆ ಇಷ್ಟು ಖಚಿತವಾದ ಮಾಹಿತಿ ನನ್ನ ಹತ್ತಿರವೂ ಇರಲಿಲ್ಲ. ಸ್ವಲ್ಪ ಹೊತ್ತು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ರೇಡಿಯೇಟರ್ ತಪ್ಪಿಸಿಬಿಟ್ಟಿದೀಯ ಅಲ್ವಾ? ಯಾವ್ ಮುಠ್ಠಾಳ ಮಾಡ್ದ?" ಎಂದ.

"ಅವನು ಬೇಡ ಅಂದ. ನಾನೇ ಹಟ ಮಾಡಿ ಮಾಡಿಸಿದೆ."

"ಅದೇ ಅಂದ್ಕೊಂಡೆ."

ಅಲ್ಲಿಂದ ಮುಂದೆ ಮಾತು ತಾನೇ ಬಂತು. ಕೂಟದಲ್ಲಿ ಹಾಗೇಕೆ ಹೇಳಿದೆ ಎಂದು ಕೇಳಿಯೇಬಿಟ್ಟೆ. ಐದು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಕೇಳಲು ಐದು ಸೆಕೆಂಡು ಸಾಕಾಯಿತು. "ನಾನ್ ಹೋದ್ಮೇಲೆ ಆ ಕೊಳಗ ನೀನೊಬ್ನೇ ಎತ್ತುತೀಯಾ? ಆ ಗುಡ್ಡದಲ್ಲಿ ಒಬ್ನೇ ಕೂತಿರ್ತೀಯಾ? ನೆಟ್ಟಗೆ ಹೇಳಿದ್ರೆ ನೀನು ಸಾಮಾನು ಬಿಡ್ತಿರ್ಲಿಲ್ಲ. ನಗಾಡ್ಸಿ ಕಿತ್ಕೊಂಡೆ. ತಪ್ಪಾಯ್ತು ಅಂತ ಹೇಳೋಕೆ ಎರಡ್ ಸಲ ಬಂದೆ ಕಣೋ. ಕೂತ್ಕೊಳ್ಳಿ ಕಾಫಿ ತಗೊಳ್ಳಿ ಅಂದೆ ನೀನು. ಕೆಲಸ ಹೋಗಿದೆ ಅಂತ ನಿನ್ ಹತ್ರ ಹೇಳ್ಕೋಬೋದಿತ್ತು, ಆ ಬನ್ನಿ-ಕೂತ್ಕೊಳ್ಳಿ ಮಹಾರಾಯನ ಹತ್ರ ಹೆಂಗ್ ಹೇಳ್ಲಿ?" ಎಂದ.

ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನ್ನ ಮುಂದೆ ಹಿಡಿದ. ಕುಡಿದೆ. ಅಷ್ಟರಲ್ಲಿ ನಾವು ಕಾರ್‌ಪೂಲ್ ಲೇನಿಗೆ ಬಂದಿದ್ದೆವು. ಐವತ್ತೈದರಲ್ಲಿ ಅರಚುತ್ತಾ ಹೋಗುತ್ತಿದ್ದ ನಮ್ಮನ್ನು ಹಿಂದಿನವರು ಹಾರ್ನು ಹೊಡೆದು ಬಯ್ಯುತ್ತಿದ್ದರು. "ಇವರಿಗೆಲ್ಲ ಫ್ರೆಂಡ್ಸ್ ಅವ್ರೆ, ಪೇಷೆನ್ಸ್ ಇಲ್ಲ" ಎಂದ ಚಂದ್ರು. ಹನ್ನೊಂದು ವರ್ಷದಲ್ಲಿ ಮೊದಲ ಹೊಸ ಜೋಕು. ಇಬ್ಬರೂ ನಕ್ಕೆವು. ಆಮೇಲೆ ಹಾಸನದ ಗೌಡರ ರಾಜಕೀಯ ಬಂತು, ಮಿನ್ನೆಸೋಟದ ಹಿಮ ಬಂತು, ಕೋಡುಬಳೆಯನ್ನು ಅಲ್ಲಿ ಯಾರು ಮಾಡುತ್ತಾರೆ ಎಂಬ ಚಿಂತೆ ಬಂತು. ಇನ್ನೂ ಬಹಳ ಬರುವುದಿತ್ತು. ಅಷ್ಟರಲ್ಲಿ ವ್ಯಾನು ಒಂದು ಸಲ ನಡುಗಿ, ಅರಚಾಟ ನಿಲ್ಲಿಸಿ, ಮೇಲಿನ ಗೇರಿಗೆ ಮೆತ್ತಗೆ ಜಾರಿತು. ಎಣ್ಣೆ ಬೆಚ್ಚಗಾಗಿತ್ತು. ನಾನು ತಲೆಯೆತ್ತಿ ನೋಡಿದೆ. ಎದುರಿಗಿದ್ದ ಹಸಿರು ಫಲಕ ಏರ್‌ಪೋರ್ಟಿನ ಎಕ್ಸಿಟ್ಟಿನದು.

ಇಳಿಸಿದ ಮೇಲೆ ವಸಂತ ಕೊಟ್ಟಿದ್ದ ಪೊಟ್ಟಣ ನೆನಪಾಯಿತು. ಬಿಚ್ಚಿದರೆ ಅಮ್ಮ ಯಾವುದೋ ಕಾಲದಲ್ಲಿ ನನಗೆಂದು ಕಳಿಸಿದ್ದ ಕಂದು ಉಣ್ಣೆಯ ಮಂಕಿ ಟೋಪಿ. ಚಂದ್ರು ಅದನ್ನು ಅಲ್ಲೇ, ಅಷ್ಟು ಜನರ ಮುಂದೆ, ಗಲ್ಲದವರೆಗೂ ಎಳೆದುಕೊಂಡು ಹಾಕಿಕೊಂಡ. "ಆ ಕೊಳವೆ ವಾಪಸ್ ಜೋಡಿಸ್ಕೊಳೋ" ಎಂದು ಹೇಳಿ, ಫ್ಲಾಸ್ಕನ್ನು ಪಕ್ಕದ ಸೀಟಿನ ಮೇಲೆ ಬಿಟ್ಟು, ಸೂಟ್‌ಕೇಸು ಎಳೆದುಕೊಂಡು ಹೋದ. ಹಿಂದಿನಿಂದ ನೋಡಿದರೆ ಥೇಟ್ ನಮ್ಮ ಮಂಡ್ಯದ ಬಸ್‌ಸ್ಟ್ಯಾಂಡಿನ ಬೆಳಗಿನ ಜಾವದ ಒಬ್ಬ ಪ್ರಯಾಣಿಕ. ಬಾಗಿಲು ತಾನೇ ತೆರೆದು ಮುಚ್ಚಿಕೊಂಡಿತು.

ಮರುದಿನವೇ ರೊಬೆರ್ತೊನ ಹತ್ತಿರ ಹೋದೆ. ಅವನು, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಹಾಗೆ ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಕೊಳವೆಗಳನ್ನು ರೇಡಿಯೇಟರಿಗೆ ಮತ್ತೆ ಜೋಡಿಸಿದ. ಈಗ ಮಿನಿವ್ಯಾನು ಬಹಳ ಚೆನ್ನಾಗಿದೆ. ಎಂಥ ಚಳಿಯಿದ್ದರೂ ಸ್ವಲ್ಪ ದೂರ ಓಡಿದರೆ ಸಾಕು, ಬೆಚ್ಚಗಾಗಿ ಮಾತು ಕೇಳುತ್ತದೆ. ಐದು ತಿಂಗಳ ಹಿಂದೆಯೇ ಮುಕ್ಕಾಲು ಗಂಟೆ ಕೊಟ್ಟಿದ್ದರೆ ಆಗುತ್ತಿದ್ದ ಕೆಲಸ. ನಾನು ಗಾಡಿಯ ವಿಷಯ ಹೇಳುತ್ತಿದ್ದೇನೆ.

ಒಂದೇ ಒಂದು ತೊಂದರೆ ಉಳಿದಿದೆ. ಆರೂಕಾಲಿಗೆ ವ್ಯಾನು ಆ ಮನೆಯ ಮುಂದೆ ಹೋಗಿ ನಿಂತುಬಿಡುತ್ತದೆ. ವ್ಯಾನಿಗೆ ಅಭ್ಯಾಸ ಎಂದು ಬೇಕಾದರೆ ಹೇಳುತ್ತೇನೆ, ನೀವು ನಂಬಬೇಕಾಗಿಲ್ಲ. ಮೊನ್ನೆ ಆ ಮನೆ ಕೊಂಡ ಹೆಂಗಸು, ಚಿಕ್ಕ ವಯಸ್ಸಿನವಳು, ಮನೆ ಗೌನಿನ ಮೇಲೆ ಕೋಟು ಹಾಕಿಕೊಂಡು ಬಂದು ಕಿಟಕಿ ತಟ್ಟಿದಳು. ದಿನಾ ಇಲ್ಲಿ ನಿಲ್ಲುತ್ತೀರಿ, ಏನಾದರೂ ಸಹಾಯ ಬೇಕೇ ಎಂದು ಬಹಳ ವಿನಯದಿಂದ ಕೇಳಿದಳು. ನನಗೆ ತೋಚಿದ್ದು ಒಂದೇ ಸುಳ್ಳು. ಹಳೆಯ ಗಾಡಿ, ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಬೆಚ್ಚಗಾಗಲಿ ಎಂದು ಸ್ವಲ್ಪ ನಿಲ್ಲಿಸುತ್ತೇನೆ ಎಂದೆ. ಅವಳು ಬಗ್ಗಿ ಒಳಗೆ ನೋಡಿದಳು. ಬಿಸಿಯ ಮುಳ್ಳು ಆಗಲೇ ಮಧ್ಯಕ್ಕೆ ಬಂದಿತ್ತು. ಪಕ್ಕದ ಸೀಟಿನಲ್ಲಿ ಚಂದ್ರುವಿನ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಟ್ಟ ಕಾಫಿ ಹಬೆಯಾಡುತ್ತಿತ್ತು. "ಎಷ್ಟು ಹೊತ್ತು ಬೇಕಾಗುತ್ತೆ?" ಎಂದು ಕೇಳಿದಳು. ಸುಮಾರು ಐದು ತಿಂಗಳು ಎಂದು ಹೇಳಬೇಕಾಗಿತ್ತು. ಆಯಿತು, ಹೊರಟೆ ಎಂದೆ.